ಬ್ರಾಕ್ಲಿ ಹೊಂಡ

ಬಳ್ಳಾರಿ ಸೀಮೆಯ ಹಿರೇಗುಂಡ್ಲದಲ್ಲಿ, ಬಂಡೆಗಳ ನಡುವೆ, ಕುಡಿಯುವ ನೀರಿನ ಹೊಂಡವೊಂದಿದೆ. ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಇಂಥ ನೀರಿಗೆ ಒಬ್ಬ ಪರಂಗಿಯ ಮನೆತನದ ಹೆಸರು ಹೇಗೆ ಅಂಟಿತೆಂದು ಬಂದವರೆಲ್ಲ ಕೇಳುತ್ತಾರೆ. ಹೇಳಲು ನಾಲಿಗೆ ಹೇಸುತ್ತದೆ, ಆದರೂ ಹೇಳಬೇಕು. ಹಿಂದೆ ಒಮ್ಮೆ, ಕುಂಪಣಿ ಸರ್ಕಾರದ ಕಾಲದಲ್ಲಿ, ಈ ಹೊಂಡವನ್ನು ಕಾಯುತ್ತಿದ್ದವನು ನೀರುಗಂಟಿ ಗಾದಿಲಿಂಗಪ್ಪ. ಬೆಳಗಾದರೆ ಊರವರ ಎದುರು ಮೊದಲ ಬೊಗಸೆ ನೀರನ್ನು ಅವನು ಕುಡಿಯಬೇಕು. ಆಮೇಲೆಯೇ ಉಳಿದವರ ಕೊಡ ನೀರಿಗಿಳಿಯುವುದು. ತಲೆಮಾರುಗಳಿಂದ ಬಂದ ಕೆಲಸ. ಅದಕ್ಕೆಂದೇ ಬಿಟ್ಟ ಮಾನ್ಯದ ಹೊಲವೇ ಅವನ ಮನೆಯ ಅನ್ನ.

ಒಂದು ಬೇಸಿಗೆ ಸೀಮೆಯ ಕಂದಾಯ ನೋಡುತ್ತಿದ್ದ ಬ್ರಾಕ್ಲಿ ಎಂಬ ದೊರೆ ದಂಡಿನ ಜೊತೆಗಾರರೊಡನೆ ಬೇಟೆಗೆ ಬಂದು ದಂಡೆಯ ಮೇಲೆ ಡೇರೆ ಹೊಡೆದ. ಕಜ್ಜಿ ಹಿಡಿದು ಕೀವು ಸೋರುತ್ತಿದ್ದ ತನ್ನ ನಾಯಿಗಳನ್ನು ಹೊಂಡದಲ್ಲೇ ಮೀಯಿಸಿದ. ಅಡ್ಡ ಬಂದ ಗಾದಿಲಿಂಗಪ್ಪನಿಗೆ ಚಾಟಿಯೇಟು ಬಿತ್ತು. ಅದೂ ಸಾಲದೆಂದು ದೊರೆಯ ಪಾಯಿಖಾನೆ ಪಾತ್ರೆಯನ್ನೂ ಅಲ್ಲೇ ತೊಳೆದರಂತೆ. ಥೂ! ಮರುದಿನ ನೀರ ಮೇಲೆ ಕೂದಲು, ಕಜ್ಜಿಯ ಹಕ್ಕಳೆ ತೇಲುತ್ತಿದ್ದವು. ಗಾದಿಲಿಂಗಪ್ಪ ದಂಡೆಗೆ ಬಂದು ನೋಡಿದ. ಅವನು ಬೊಗಸೆ ಒಡ್ಡಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ನಿಂತರು. ಚಹಾ ಹೀರುತ್ತಿದ್ದ ಬ್ರಾಕ್ಲಿ, ಕುಡಿಯದಿದ್ದರೆ ಕೆಲಸವೂ ಹೊಲವೂ ಹೋದವೆಂದು ದುಭಾಷಿಯಿಂದ ಹೇಳಿಸಿದ. ಗಾದಿಲಿಂಗಪ್ಪ ಒಮ್ಮೆ ತನ್ನ ಹೊಲದ ಕಡೆ ತಿರುಗಿ ನೋಡಿದ ಎನ್ನುತ್ತಾರೆ.

"ಹೋದ್ರ ಹೋಗ್ಲಿ. ನಾ ಕುಡುದ್ರ ಊರು ಕುಡಿತೈತಿ," ಎಂದ. "ದೊರೆಗೆ ಹೇಳ್ರಿ, ಇವತ್ತು ಮೊದಲ ಬೊಗಸೆ ಅವರದಾ ಆತು. ಆ ಚಾ ಕಾಸಿದ್ದು ಇದಾ ನೀರಾಗ."

ದುಭಾಷಿ ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಬ್ರಾಕ್ಲಿ ತನ್ನ ಬೂಟಿನ ಮೇಲೇ ಬಳಬಳನೆ ಕಾರಿಕೊಂಡ. ಬ್ರಾಂದಿ ಬಿಟ್ಟು ಬೇರೇನೂ ಮುಟ್ಟದ ಜೊತೆಗಾರರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ದಂಡಿನ ಇಂಗ್ಲಿಷಿನಲ್ಲಿ ಅವನ ಮನೆತನದ ಹೆಸರೇ ಕ್ರಿಯಾಪದವಾಯಿತು. ಯಾರಾದರೂ ತನಗೇ ಬೇಕಾದುದನ್ನು ತಾನೇ ಹೊಲಸು ಮಾಡಿಕೊಂಡರೆ, ಸಾಹೇಬರಿಂದ ಗುಮಾಸ್ತರವರೆಗೆ ಎಲ್ಲರೂ 'ಹಿ ಬ್ರಾಕ್ಲೀಡ್ ಇಟ್' ಎನ್ನುತ್ತಿದ್ದರಂತೆ.

ಅವಮಾನದ ಸಿಟ್ಟಿಗೆ ಬ್ರಾಕ್ಲಿ ಆ ಹೊಲವನ್ನೂ ಕೆಲಸವನ್ನೂ ಕಿತ್ತುಕೊಂಡೇ ಬಿಟ್ಟ. ಊರವರು ಹನ್ನೊಂದು ದಿನ ನೀರು ಎತ್ತಿ ಚೆಲ್ಲಿ, ಕೆಸರು ಬಳಿದು, ಹೊಂಡಕ್ಕೆ ಗಾದಿಲಿಂಗಪ್ಪನ ಹೆಸರಿಡಲು ಹೊರಟರು. ಅವನು ಒಪ್ಪಲಿಲ್ಲ. "ನನ್ನ ಹೆಸರು ಬ್ಯಾಡ್ರಪ್ಪೋ, ಆ ಹೇಸಿಯದಾ ಇಡ್ರಿ. ಕಾಯಾಕ ಇನ್ನ ನಾ ಇರಂಗಿಲ್ಲ. ಕಾಲು ತೊಳಿಯಾಕ ಬಂದವನಿಗೆ ಹೆಸರು ಕೇಳೇ ಅಸಹ್ಯ ಆಗ್ಬೇಕು." ಇಂದಿಗೂ ಹೊಂಡಕ್ಕೆ ಬೇಲಿಯಿಲ್ಲ, ಕಾವಲುಗಾರನಿಲ್ಲ. ನೋಡಲು ಬಂದವರು ಹೆಸರಿನ ಕಥೆ ಕೇಳಿ, ನೀರಿಗೆ ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.