ಮಾಚಯ್ಯನ ಬದಲಿಗೆ ಬೋರಣ್ಣ

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಕೆರೆಯಿತ್ತು. ಕೆರೆ ಎಂದಮೇಲೆ ಎರಡು ದಡ ಇರಲೇಬೇಕು, ಎರಡು ದಡ ಎಂದಮೇಲೆ ಜಗಳ ಇರಲೇಬೇಕು. ಮೂಡಲ ದಡದವರೂ ಪಡುವಲ ದಡದವರೂ ಕಚ್ಚಾಡುತ್ತಿದ್ದದ್ದು ಕೆರೆಯ ತಲೆಯಲ್ಲಿದ್ದ ಅತ್ತಿಮರಕ್ಕಾಗಿ. ಬೇಸಿಗೆಯಲ್ಲಿ ಕಾಡೆಲ್ಲ ಒಣಗಿದಾಗ ಆ ಮರವೊಂದೇ ಬುಡದಿಂದ ತುದಿಯವರೆಗೆ ಹಣ್ಣು ಬಿಡುತ್ತಿತ್ತು.

ಎರಡೂ ಕಡೆಯವರ ಕಿವಿ, ಬಾಲ ಸಾಕಷ್ಟು ಹರಿದಮೇಲೆ, ಎಲ್ಲರಿಗಿಂತ ಹಿರಿಯಳಾದ ಆಮೆ ಈರಜ್ಜಿ ಒಂದು ದಾರಿ ಹುಡುಕಿದಳು. ವರ್ಷಕ್ಕೊಮ್ಮೆ ದೊಡ್ಡ ಚೆಂಡಾಟ. ಗೆದ್ದವರಿಗೆ ಆ ಬೇಸಿಗೆಯ ಹಣ್ಣೆಲ್ಲ. ಸಮವಾದರೆ ಹಿಂದಿನ ವರ್ಷ ಗೆದ್ದವರಿಗೇ. ಸೋತವರು ಮಳೆ ಬರುವವರೆಗೆ ತೊಗಟೆ ಕೆರೆದುಕೊಂಡು ತಿನ್ನಬೇಕು. ಕಳೆದ ವರ್ಷ ಪಡುವಲ ದಡದವರು ತೊಗಟೆ ತಿಂದಿದ್ದರು. ಅದರ ರುಚಿಯ ಬಗ್ಗೆ ಅವರು ಯಾರೂ ಮಾತಾಡುತ್ತಿರಲಿಲ್ಲ.

ಆಟ ಸುಲಭ. ಮನುಷ್ಯರು ಇಂಥದ್ದಕ್ಕೆ ಬೇಸ್‌ಬಾಲ್ ಎನ್ನುತ್ತಾರಂತೆ. ಒಬ್ಬ ಬೇಲದ ಕಾಯಿ ಎಸೆಯುತ್ತಾನೆ. ಎದುರು ಕಡೆಯವನು ಹುಣಸೆ ಕೋಲಿನಿಂದ ಅದನ್ನು ಹೊಡೆದು, ಮೂಲೆಗೊಂದರಂತೆ ಇಟ್ಟ ನಾಲ್ಕು ಕಲ್ಲುಗಳನ್ನು ಸುತ್ತಿ ಬರುತ್ತಾನೆ. ಒಬ್ಬ ಪೂರ್ತಿ ಸುತ್ತಿ ಬಂದರೆ ಒಂದು ಅಂಕ. ಕೋಲು ಬೀಸಿ ಮೂರು ಸಲ ತಪ್ಪಿದರೆ ಔಟು. ಎಸೆದ ಕಾಯಿ ಹೊಡೆಯುವವನ ಮೈಗೆ ಬಡಿದರೆ, ನೋವಿಗೆ ಪರಿಹಾರವಾಗಿ ಅವನಿಗೆ ಮೊದಲನೆಯ ಕಲ್ಲು ಸುಮ್ಮನೆ ಸಿಗುತ್ತದೆ. ಅಲ್ಲಿ ಮೊದಲೇ ಯಾರಾದರೂ ನಿಂತಿದ್ದರೆ ಅವರು ಮುಂದಿನ ಕಲ್ಲಿಗೆ ಸರಿಯುತ್ತಾರೆ. ಮತ್ತೆ ಒಂದು ಹಳೆಯ ಕಟ್ಟಳೆ: ಎಸೆಯುವವನೂ ತನ್ನ ಸರದಿ ಬಂದಾಗ ಕೋಲು ಹಿಡಿಯಲೇಬೇಕು.

ಪಡುವಲ ದಡದ ಎಸೆತಗಾರ ಕಪ್ಪು ಮೋರೆಯ, ಉದ್ದ ಬಾಲದ ಮುಸುವ ಮಾಚಯ್ಯ. ಅವನು ಎಸೆದ ಕಾಯಿ ಕೈಬಿಟ್ಟದ್ದು ಕಾಣುತ್ತಿತ್ತು, ಮುಟ್ಟಿದ್ದು ಕಾಣುತ್ತಿತ್ತು, ನಡುವೆ ಏನಾಯಿತೆಂದು ಯಾರಿಗೂ ಕಾಣುತ್ತಿರಲಿಲ್ಲ. ಅಂಥ ಕೈ. ಆದರೆ ಅದೇ ಕೈಗೆ ಕೋಲು ಕೊಟ್ಟರೆ ದೇವರೇ ಗತಿ. ಒಮ್ಮೆ ಅವನು ಬೀಸಿದ ರಭಸಕ್ಕೆ ಕಾಯಿ ಅಲ್ಲೇ ಉಳಿದು ಕೋಲು ಕೆರೆಗೆ ಹೋಯಿತು. ನೀರಿನಲ್ಲಿದ್ದ ಎಮ್ಮೆ ಕೂಡ ನಕ್ಕಿತು. ಎಮ್ಮೆ ನಗುವುದನ್ನು ಆ ಕಾಡಿನಲ್ಲಿ ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

ಮಾಚಯ್ಯ ಸೋಲನ್ನಾದರೂ ಸಹಿಸುತ್ತಿದ್ದ, ಇನ್ನೊಬ್ಬರ ನಗುವನ್ನು ಸಹಿಸುತ್ತಿರಲಿಲ್ಲ. ಮೂರು ದಿನ ಕೊಂಬೆಯಿಂದ ಇಳಿಯಲಿಲ್ಲ. ನಾಲ್ಕನೆಯ ದಿನ ಇಳಿದು ಬಂದು ಸಭೆ ಕರೆಸಿದ.

"ಈರಜ್ಜಿ, ನ್ಯಾಯ ಹೇಳಿ. ಮರಕುಟಿಗನಿಗೆ ಈಜು ಅಂತ ಹೇಳ್ತೀವಾ? ಮೀನಿಗೆ ಗೂಡು ಕಟ್ಟು ಅಂತ ಹೇಳ್ತೀವಾ? ಮತ್ತೆ ನನಗ್ಯಾಕೆ ಕೋಲು? ನಾನು ಎಸೀತೀನಿ. ನನ್ನ ಬದಲಿಗೆ ಹೊಡೆಯೋಕೆ ಬೇರೆ ಯಾರನ್ನಾದರೂ ನಿಲ್ಲಿಸಿ. ಆಟ ನೋಡೋಕೂ ಚೆನ್ನಾಗಿರುತ್ತೆ."

ಈರಜ್ಜಿ ಕತ್ತನ್ನು ಅರ್ಧ ಒಳಗೆಳೆದುಕೊಂಡು ಯೋಚಿಸಿದಳು. "ಎಸೆಯೋನು ಆ ಕಡೆ ನಿಂತೂ ನೋಡಿರಬೇಕು ಕಣಪ್ಪ," ಎಂದಳು.

"ಯಾಕಂತೆ?"

"ನೋಡಿರಬೇಕು, ಅಷ್ಟೆ."

ಹಿರಿಯರಲ್ಲಿ ಇದೊಂದು ದೋಷ. ಕಾರಣ ಗೊತ್ತಿರುತ್ತದೆ, ಹೇಳುವುದಕ್ಕೆ ಸೋಮಾರಿತನ. ಕಾರಣ ತಿಳಿಯದ ಸಭೆ ಮಾಚಯ್ಯನ ಕಡೆಗೇ ವಾಲಿತು. ಎಲ್ಲರಿಗಿಂತ ಮೊದಲು ಕೈಯೆತ್ತಿದವನು ಕರಡಿ ಬೋರಣ್ಣ. ಅವನಿಗೆ ಓಡಲು ಬಾರದು, ಕಾಯಿ ಹಿಡಿಯಲು ಬಾರದು, ಆದ್ದರಿಂದ ಈವರೆಗೆ ಯಾರೂ ಆಟಕ್ಕೆ ಸೇರಿಸಿಕೊಂಡಿರಲಿಲ್ಲ. ಆದರೆ ಅವನು ಹೊಡೆದ ಕಾಯಿಯನ್ನು ಹುಡುಕಲು ಪಕ್ಕದ ಕಾಡಿಗೆ ಹೋಗಬೇಕಾಗುತ್ತಿತ್ತು.

"ನಾನು ನಿಂತ್ಕೊಳ್ತೀನಿ ಮಾಚಯ್ಯ, ನಿನ್ನ ಬದಲಿಗೆ ನಾನು ನಿಂತ್ಕೊಳ್ತೀನಿ," ಎಂದ ಬೋರಣ್ಣ. ಕೊನೆಗೂ ಆಟಕ್ಕೆ ಸೇರಬಹುದಲ್ಲ ಎಂಬ ಸಂತೋಷಕ್ಕೆ ಅವನ ಕಣ್ಣು ಒದ್ದೆಯಾಗಿತ್ತು.

"ಆಗಲಿ," ಎಂದಳು ಈರಜ್ಜಿ. "ಎರಡೂ ಕಡೆಗೂ ಒಬ್ಬೊಬ್ಬ ಬದಲಿ ಹೊಡೆತಗಾರ. ಆದರೆ ಬದಲಿಯವನಿಗೆ ನಿಲ್ಲೋಕೆ ಆಗದಿದ್ದರೆ ಎಸೆಯೋನೇ ಬಂದು ನಿಲ್ಲಬೇಕು. ಇದಕ್ಕೆ ಒಪ್ಪಿದರೆ ಸರಿ."

ಮಾಚಯ್ಯ ಒಪ್ಪಿದ. ಕರಡಿಗೆ ನಿಲ್ಲಲು ಆಗದಿರುವುದೆಂದರೇನು!

ದೊಡ್ಡ ಆಟಕ್ಕೆ ಮುಂಚೆ ವರ್ಷವಿಡೀ ಹುಣ್ಣಿಮೆ, ಅಮಾವಾಸ್ಯೆಯ ಬೆಳಿಗ್ಗೆ ಅಭ್ಯಾಸದ ಆಟಗಳಿರುತ್ತಿದ್ದವು. ಮಾಚಯ್ಯ ಎಸೆಯುವನು, ಮುಗಿದಮೇಲೆ ನೇರಳೆ ಮರದ ನೆರಳಿಗೆ ಹೋಗಿ ಚಿಗುರು ಜಗಿಯುತ್ತ ಕೂರುವನು. ಯಾರೂ ನಗುತ್ತಿರಲಿಲ್ಲ. ಇಂಥ ಸುಖ ಅವನು ಹಿಂದೆ ಕಂಡಿರಲಿಲ್ಲ.

ಒಂದು ದಿನ ಅವನ ಕೈ ನಿಜವಾಗಿಯೂ ಜಾರಿತು. ಬೇಲದ ಕಾಯಿ ಮೂಡಲ ದಡದ ಕಡವೆಯ ಪಕ್ಕೆಗೆ ಬಡಿಯಿತು. ಕಡವೆ ಕುಂಟುತ್ತ ಮೊದಲನೆಯ ಕಲ್ಲಿಗೆ ಹೋಯಿತು. ಆದರೆ ಅದರ ಹಿಂದೆ ಬಂದ ಮೂವರೂ ಒಂದೊಂದು ಮಾರು ಹಿಂದಕ್ಕೆ ನಿಂತು, ಗಾಳಿಗೆ ಕೋಲು ಬೀಸಿ ಔಟಾಗಿ ಹೋದರು. ಮಾಚಯ್ಯ ಇದನ್ನು ಗಮನಿಸಿದ. ಅಂದಿನಿಂದ ಅವನ ಕೈ ಬೇಕೆಂದಾಗಲೆಲ್ಲ ಜಾರತೊಡಗಿತು.

ಪಕ್ಕೆಗೆ, ತೊಡೆಗೆ, ಬೆನ್ನಿಗೆ. ಮೊಲ ಸಿದ್ದನ ಎಡಗಿವಿಗೆ ಬಿದ್ದ ಏಟಿಗೆ ಆ ಕಿವಿ ಮತ್ತೆ ನೆಟ್ಟಗಾಗಲೇ ಇಲ್ಲ. "ಅಯ್ಯೋ, ಜಾರಿಬಿಡ್ತು," ಎನ್ನುತ್ತಿದ್ದ ಮಾಚಯ್ಯ, ಇನ್ನೊಂದು ಕಾಯಿ ಆರಿಸಿಕೊಳ್ಳುತ್ತ. ಅವನು ಕೆಟ್ಟವನೆಂದಲ್ಲ. ಕಲ್ಲಿನಂಥ ಕಾಯಿ ಮೈಮೇಲೆ ಬರುವಾಗ ಹೇಗಿರುತ್ತದೆಂಬುದು ಅವನಿಗೆ ಮರೆತೇ ಹೋಗಿತ್ತು.

ಮೂಡಲ ದಡದಲ್ಲಿ ಎಸೆಯುತ್ತಿದ್ದವಳು ಕೋತಿ ನಂಜವ್ವ. ಸಿದ್ದನ ಕಿವಿಯನ್ನು ನೋಡಿ ಅವಳಿಗೆ ಸಿಟ್ಟು ನೆತ್ತಿಗೇರಿತು. ಮಾಚಯ್ಯನಿಗೆ ಸರಿಯಾಗಿ ಒಂದು ಕೊಡಬೇಕೆಂದರೆ, ಅವನು ಕೋಲು ಹಿಡಿದು ಎದುರು ಬರುವುದೇ ಇಲ್ಲ, ನೆರಳಿನಲ್ಲಿ ಕೂತಿರುತ್ತಾನೆ. ಅವನ ಜಾಗದಲ್ಲಿ ಬಂದು ನಿಲ್ಲುವವನು ಬೋರಣ್ಣ. ಸರಿ, ನಂಜವ್ವ ಬೋರಣ್ಣನಿಗೇ ಕೊಟ್ಟಳು. ಕಡವೆಗೆ ಒಂದು ಬಿದ್ದರೆ ಬೋರಣ್ಣನಿಗೆ ಒಂದು. ಸಿದ್ದನಿಗೆ ಒಂದು ಬಿದ್ದರೆ ಬೋರಣ್ಣನಿಗೆ ಎರಡು.

ಒಂದು ಸಂಜೆ ಬೋರಣ್ಣ ಭುಜ ನೀವಿಕೊಳ್ಳುತ್ತ ನೇರಳೆ ಮರದ ಹತ್ತಿರ ಬಂದ. "ಮಾಚಯ್ಯ, ಸ್ವಲ್ಪ ನೋಡ್ಕೊಂಡು ಎಸಿಯಪ್ಪ. ನೀನು ಆ ಕಡೆ ಎಸೆದದ್ದೆಲ್ಲ ಈ ಕಡೆ ನನಗೆ ಬರ್ತಾ ಇದೆ."

"ಗೇಣುದ್ದ ಕೂದಲು ಬೆಳೆಸ್ಕೊಂಡಿದ್ದೀಯ, ನಿನಗೆ ತಾಗುತ್ತೇನೋ?" ಎಂದು ನಕ್ಕ ಮಾಚಯ್ಯ.

ಬೋರಣ್ಣ ತನ್ನ ಕೂದಲನ್ನು ಒಮ್ಮೆ ನೋಡಿಕೊಂಡ. ತಾಗುತ್ತದೆ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ಹೊರಟುಹೋದ. ಜಗಳ ತೆಗೆದರೆ ಎಲ್ಲಿ ಆಟದಿಂದ ಬಿಟ್ಟುಬಿಡುತ್ತಾರೋ ಎಂಬ ಭಯವೂ ಅವನಿಗಿತ್ತು, ಪಾಪ.

ದೊಡ್ಡ ಆಟದ ದಿನ ಬಂತು. ಅತ್ತಿಹಣ್ಣು ಕೆಂಪಾಗಿತ್ತು. ಮಾಚಯ್ಯ ಮಧ್ಯಾಹ್ನದೊಳಗೆ ಕಡವೆಗೆ ಎರಡು, ಸಿದ್ದನಿಗೆ ಒಂದು ಕೊಟ್ಟಿದ್ದ. ಸಿದ್ದನಿಗೆ ಬಿದ್ದದ್ದು ಬಲಗಿವಿಗೆ. ಮುಂದಿನ ಸರದಿಯಲ್ಲಿ ನಂಜವ್ವ ಎಸೆದ ಕಾಯಿ ಬೋರಣ್ಣನ ಮುಂಗೈಗೆ ಬಿತ್ತು. ನೋಡನೋಡುತ್ತಿದ್ದಂತೆ ಅದು ಊದಿ ಕುಂಬಳಕಾಯಿಯಾಯಿತು.

ಕೊನೆಯ ಸರದಿ ಪಡುವಲ ದಡದ್ದು. ಅಂಕ ಸಮ. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿದಂತೆ. ಆದರೆ ಮೊದಲ ಮೂರು ಕಲ್ಲುಗಳ ಮೇಲೂ ಪಡುವಲದವರು ಒಬ್ಬೊಬ್ಬರು ನಿಂತಿದ್ದರು. ಒಬ್ಬ ನಾಲ್ಕನೆಯ ಕಲ್ಲು ಮುಟ್ಟಿದರೆ ಸಾಕು, ಮರ ಅವರದು. ಈಗ ಹೊಡೆಯಬೇಕಾದವನು ಬೋರಣ್ಣ. ಅವನು ಕೋಲೆತ್ತಿದ, ಕೋಲು ಬಿದ್ದುಹೋಯಿತು. ಮತ್ತೆ ಎತ್ತಿದ, ಮತ್ತೆ ಬಿತ್ತು.

"ಇವನ ಕೈಲಿ ಆಗಲ್ಲ," ಎಂದಳು ಈರಜ್ಜಿ. "ಮಾಚಯ್ಯ ಎಲ್ಲಿ?"

ಮಾಚಯ್ಯ ನೆರಳಿನಲ್ಲಿದ್ದ. ಅವನನ್ನು ಎಬ್ಬಿಸಿ ತರಲು ಸ್ವಲ್ಪ ಹೊತ್ತು ಹಿಡಿಯಿತು. ಬೋರಣ್ಣ ಅವನ ಕಿವಿಯಲ್ಲಿ ಹೇಳಿದ: "ಹೊಡೆಯೋಕೆ ಹೋಗಬೇಡ. ಕೋಲು ಎತ್ತಲೇಬೇಡ. ಅವಳು ನಿನ್ನ ಮೈಗೇ ಎಸೀತಾಳೆ. ಸುಮ್ಮನೆ ನಿಂತ್ಕೋ. ಒಂದು ಪೆಟ್ಟು ತಿಂದರೆ ಎಲ್ಲರೂ ಒಂದೊಂದು ಕಲ್ಲು ಮುಂದೆ ಸರೀತಾರೆ, ನಾವು ಗೆದ್ದ ಹಾಗೆ."

ಆ ಕಡೆ ಮೂಡಲದವರಿಗೂ ಇದು ಹೊಳೆದಿತ್ತು. "ನಂಜವ್ವ, ಮೈಗೆ ಬೇಡ! ಮರ ಹೋಗುತ್ತೆ!" ಎಂದು ಕೂಗಿದರು.

"ಹೋಗ್ಲಿ," ಎಂದಳು ನಂಜವ್ವ. ಅವಳು ಈ ಗಳಿಗೆಗಾಗಿ ಎಷ್ಟೋ ಹುಣ್ಣಿಮೆ ಕಾದಿದ್ದಳು. ಅತ್ತಿಮರದ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಮಾಚಯ್ಯ ನಿಂತ. ನಂಜವ್ವನ ಕೈಯಲ್ಲಿ ಬೇಲದ ಕಾಯಿ ಪುಟ್ಟದಾಗಿ ಕಂಡಿತು. ಅವಳು ಕೈಬಿಟ್ಟಳು. ಕಾಯಿ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಅದರ ಹಿಂದೆ ಕೆರೆ, ಕಾಡು ಯಾವುದೂ ಕಾಣದಾಯಿತು. "ಅಮ್ಮಾ!" ಎಂದು ಅವನು ಕಣ್ಣುಮುಚ್ಚಿ, ಕೋಲು ಬೀಸಿ, ಮಣ್ಣಿನಲ್ಲಿ ಬಿದ್ದ. ಕಾಯಿ ಅವನ ಮೇಲಿಂದ ಹಾದುಹೋಯಿತು.

"ಕೋಲು ಬೀಸಿದ್ದಾನೆ. ಒಂದು," ಎಂದಳು ಈರಜ್ಜಿ.

"ಬೀಸಬೇಡ್ವೋ! ನಿಂತ್ಕೊಳ್ಳೋ ಮಾರಾಯ!" ಎಂದು ಪಡುವಲ ದಡವೆಲ್ಲ ಬಾಯಿ ಬಡಿದುಕೊಂಡಿತು.

ನಿಲ್ಲಬೇಕೆಂದು ಮಾಚಯ್ಯನಿಗೂ ಇತ್ತು. ಅವನ ಕಾಲುಗಳಿಗೆ ಇರಲಿಲ್ಲ. ಎರಡನೆಯ ಕಾಯಿಗೆ ಎಡಕ್ಕೆ ಹಾರಿದ, ಮೂರನೆಯದಕ್ಕೆ ಬಲಕ್ಕೆ ಹಾರಿದ. ಎರಡು ಸಲವೂ ನೊಣ ಓಡಿಸುವವನ ಹಾಗೆ ಕೋಲು ಬೀಸಿಯೇ ಹಾರಿದ.

"ಮೂರು. ಔಟು," ಎಂದಳು ಈರಜ್ಜಿ. "ಅಂಕ ಸಮ. ಮರ ಮೂಡಲದವರಿಗೆ."

ಮೂಡಲದವರು ಕುಣಿಯುತ್ತ ಅತ್ತಿಮರದ ಕಡೆ ಓಡಿದರು. ನಂಜವ್ವ ಮಾತ್ರ ಅಲ್ಲೇ ನಿಂತು, ಒಂದಾದರೂ ತಾಗಲಿಲ್ಲವಲ್ಲ ಎಂದು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ಈ ಸಲ ಯಾರೂ ನಗಲಿಲ್ಲ. ಎಮ್ಮೆಯೂ ನಗಲಿಲ್ಲ. ಮಾಚಯ್ಯ ಮಣ್ಣು ಕೊಡವಿಕೊಳ್ಳುತ್ತ, "ಎಷ್ಟು ಜೋರಾಗಿ ಎಸೀತಾಳೆ ಬೋರಣ್ಣ, ಪ್ರಾಣವೇ ಹೋಗುತ್ತಿತ್ತು," ಎಂದ.

ಬೋರಣ್ಣ ಊದಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. "ಗೊತ್ತು," ಎಂದ. "ವರ್ಷವೆಲ್ಲ ನಿನ್ನ ಪೆಟ್ಟನ್ನ ನಾನು ತಿಂದೆ. ಇವತ್ತು ಒಂದೇ ಒಂದು ನೀನು ತಿಂದಿದ್ದರೆ ನಮ್ಮ ದಡವೆಲ್ಲ ಹಣ್ಣು ತಿನ್ನುತ್ತಿತ್ತು."

ಹಾಗೆಂದು ಅವನು ಎಲ್ಲರ ಜೊತೆ ತೊಗಟೆ ಕೆರೆಯಲು ಹೋದ. ಮಾಚಯ್ಯ ಅವನ ಹಿಂದೆಯೇ ನಡೆದ.

ನೀತಿ: ಇನ್ನೊಬ್ಬರ ಮೇಲೆ ಎಸೆಯುವವನು ತನ್ನ ಮೇಲೆ ಬರುವುದಕ್ಕೂ ಎದುರು ನಿಲ್ಲಲು ಕಲಿತಿರಬೇಕು, ತನ್ನ ಬದಲಿಗೆ ಇನ್ನೊಬ್ಬನನ್ನು ನಿಲ್ಲಿಸಿದವನಿಗೆ ಪೆಟ್ಟಿನ ನೋವೂ ತಿಳಿಯದು, ಪೆಟ್ಟು ತಿನ್ನುವ ಧೈರ್ಯವೂ ಉಳಿಯದು.