ಉಳಿದ ಮೂರು ಸುತ್ತು

“ಅಮ್ಮ, ನಮ್ಮ ಕೈಯಿಂದಲೇ ಕೆಟ್ಟದ್ದನ್ನು ನಾವೇ ಸರಿಪಡಿಸಲು ಆಗುತ್ತದೆಯೆ?” ಎಂದು ಹೈಮವತಿ ಕೇಳಿದಳು.

ಹೆಣ್ಣುಮಕ್ಕಳ ಹಾಸ್ಟೆಲನ್ನು ಮೂವತ್ತು ವರ್ಷ ನಡೆಸಿದ್ದ ಹಿರಿಯಮ್ಮನವರು ಅದರ ಜಗಲಿಯಲ್ಲಿ ಕುಳಿತು ಒಗೆದ ದಿಂಬಿನ ಗವುಸುಗಳನ್ನು ಮಡಿಸುತ್ತಿದ್ದರು. ಹೈಮವತಿ ನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಕಲಿತವಳು. ಈಗ ಆ ಹಾಸ್ಟೆಲಿಗೆ ಅವಳೇ ವಾರ್ಡನ್.

“ಏನು ಕೆಡಿಸಿದೆ?”

“ದೊಡ್ಡತಾಯಿಯ ಮನಸ್ಸನ್ನು.”

ದೊಡ್ಡತಾಯಿ ಹನ್ನೊಂದು ವರ್ಷಗಳಿಂದ ಅಲ್ಲಿ ಅಡುಗೆ ಮಾಡುತ್ತಿದ್ದವಳು. ಕಳೆದ ವಾರ ಎರಡು ದಿನ ಸಂಜೆಯ ಕಾಫಿಗೆ ಹಾಲು ಸಾಲದೆ ಹೋಯಿತು. ಅವಳೇ ಮನೆಗೆ ಸಾಗಿಸುತ್ತಿದ್ದಾಳೆಂದು ಹೈಮವತಿ ಊಟದ ಮನೆಯಲ್ಲಿ ನಿಂತು ಬೈದಳು. ಹುಡುಗಿಯರು ತಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು. ಮರುದಿನ ಹಾಲಿನವನ ಅಳತೆಯೇ ಕಡಿಮೆ ಎಂದು ತಿಳಿಯಿತು. ಹೈಮವತಿ ಕೂಡಲೇ ದೊಡ್ಡತಾಯಿಯನ್ನು ಉಗ್ರಾಣಕ್ಕೆ ಕರೆದು, ಬಾಗಿಲು ಮುಂದೆ ಮಾಡಿ, ಅವಳ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು. “ಆಯ್ತು ಬುಡಿ ಅಮ್ಮಾವ್ರೆ” ಎಂದಳು ದೊಡ್ಡತಾಯಿ. ಸಾರಿಗೆ ಒಗ್ಗರಣೆ ಹಾಕಲು ಹೋದಳು. ಭಾನುವಾರದಿಂದ ಕೆಲಸಕ್ಕೆ ಬರುವುದಿಲ್ಲವೆಂದು ಇಂದು ಬೆಳಿಗ್ಗೆ ಹೇಳಿದ್ದಳು.

“ಕಣ್ಣಲ್ಲಿ ನೀರು ಹಾಕಿಕೊಂಡು ಕೇಳಿದೆ ಅಮ್ಮ. ಇನ್ನೇನು ಮಾಡಬೇಕು?”

ಹಿರಿಯಮ್ಮನವರು ಒಂದು ಗವುಸನ್ನು ಅವಳ ಕೈಗೆ ಕೊಟ್ಟು, “ಮಡಿಸುತ್ತಾ ಕೇಳು” ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಬನ್ನು ವ್ಯಾಪಾರಿಯಿದ್ದ. ಅವನ ಬಳಿ ಒಂದು ಹಳೆಯ ಮೋಟಾರ್ ಸೈಕಲ್ಲಿತ್ತು. ದಿನ ಬೆಳಗಾದರೆ ಅದರ ಹಿಂದೆ ಎರಡು ಪೆಟ್ಟಿಗೆ ಕಟ್ಟಿಕೊಂಡು ಏಳು ಊರು ಸುತ್ತುತ್ತಿದ್ದ. ಅದರ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಪ್ಲಗ್ಗಿನಂಥ ಸಣ್ಣ ಸಾಮಾನು ಬಿಟ್ಟರೆ ಇಂಜಿನ್ನಿನ ಒಂದು ಬಿಡಿ ಭಾಗವೂ ಎಲ್ಲಿಯೂ ಸಿಗುತ್ತಿರಲಿಲ್ಲ.

ಆ ವ್ಯಾಪಾರಿ ವಾರಕ್ಕೊಮ್ಮೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಮಸಿ ಉಜ್ಜಿ, ಮತ್ತೆ ಹಾಕುತ್ತಿದ್ದ. ಒಂದು ದಿನ ಹೊತ್ತಾಗಿತ್ತು. ಪ್ಲಗ್ಗು ಸೊಟ್ಟಗೆ ಕೂತಿತು. ಕೈಗೆ ಬಿಗಿ ಎನಿಸಿದಾಗ ಬಿಚ್ಚಿ ನೋಡಬೇಕಾಗಿತ್ತು. ಅವನು ಪ್ಲಗ್ಗು ಬಿಗಿಯುವ ಪಾನೆಗೆ ಒಂದು ಮೊಳ ಉದ್ದದ ಪೈಪು ಸಿಕ್ಕಿಸಿ ಮೈಭಾರ ಹಾಕಿ ತಿರುಗಿಸಿದ. ಪ್ಲಗ್ಗು ಹಿಡಿದುಕೊಳ್ಳುವುದು ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನಲ್ಲಿರುವ ರಂಧ್ರದ ಸುರುಳಿ ಗೆರೆಗಳಲ್ಲಿ. ಅದಕ್ಕೆ ಥ್ರೆಡ್ ಎನ್ನುತ್ತಾರೆ. ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗು ಉಕ್ಕು. ಮೆತ್ತಗಿನದೇ ಕಿತ್ತುಹೋಯಿತು.

ವ್ಯಾಪಾರಿ ಯಾರಿಗೂ ಹೇಳಲಿಲ್ಲ. ರಂಧ್ರಕ್ಕೆ ಅಂಟು ಸವರಿ ಪ್ಲಗ್ಗನ್ನು ಒಳಗೆ ಒತ್ತಿದ. ಎರಡು ದಿನ ಓಡಿತು. ಮೂರನೆಯ ದಿನ ಏರಿನಲ್ಲಿ ಢಂ ಎಂದು ಪ್ಲಗ್ಗು ಹಾರಿ ಅವನ ಮೊಣಕಾಲ ಪಕ್ಕದಿಂದ ಹೋಯಿತು. ಅವನು ಗಾಡಿಯನ್ನು ಎರಡು ಮೈಲಿ ತಳ್ಳಿಕೊಂಡು ಒಬ್ಬ ಮೆಕ್ಯಾನಿಕನ ಬಳಿ ಬಂದ.

ಮೆಕ್ಯಾನಿಕ್ ವಯಸ್ಸಾದವನು. ಅವನ ಗ್ಯಾರೇಜಿನಲ್ಲಿ ಒಂದು ಚಿಂದಿ ಬಟ್ಟೆಯೂ ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ. ಅವನು ರಂಧ್ರದೊಳಗೆ ಕಿರುಬೆರಳು ಇಟ್ಟು ಒಂದು ಸುತ್ತು ಆಡಿಸಿದ.

“ಪೈಪು ಎಷ್ಟು ಉದ್ದವಿತ್ತು ಸ್ವಾಮಿ?”

“ಯಾವ ಪೈಪು? ಅದು ತಾನಾಗಿಯೇ ಸಡಿಲವಾದದ್ದು.”

“ತಾನಾಗಿ ಸಡಿಲವಾದದ್ದು ಹೀಗೆ ಹರಿಯುವುದಿಲ್ಲ. ಅಂಟು ಕೂಡ ತಾನಾಗಿಯೇ ಒಸರಿತೋ?”

ವ್ಯಾಪಾರಿ ಪೆಟ್ಟಿಗೆಯ ಹಗ್ಗ ಸರಿಮಾಡಿದ. “ಮೊಳದುದ್ದ” ಎಂದ.

ಮೆಕ್ಯಾನಿಕ್ ನಾಲ್ಕು ನಟ್ಟು ಬಿಚ್ಚಿ ಹೆಡ್ಡನ್ನು ಹೊರತೆಗೆದ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ರಂಧ್ರದ ತಳದಲ್ಲಿ ಮೂರು ಸುತ್ತು ಥ್ರೆಡ್ ಇನ್ನೂ ಹೊಳೆಯುತ್ತಿತ್ತು. ಅದನ್ನು ಕಂಡು ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು.

“ನೋಡಪ್ಪ, ಮೂರು ಸುತ್ತು ಚೆನ್ನಾಗಿದೆ. ಅದರ ಮೇಲೆಯೇ ಕೂರಿಸಿಬಿಡು. ಬೇಕಾದರೆ ಇನ್ನೂ ಒಳ್ಳೆಯ ಅಂಟು ತರುತ್ತೇನೆ.”

“ಇದು ಬನ್ನಿಗೆ ಜಾಮು ಸವರುವ ಕೆಲಸವಲ್ಲ ಸ್ವಾಮಿ. ಆ ಮೂರು ಸುತ್ತನ್ನೂ ತೆಗೆಯಬೇಕು. ರಂಧ್ರವನ್ನು ಇನ್ನೂ ದೊಡ್ಡದು ಮಾಡಬೇಕು.”

ವ್ಯಾಪಾರಿ ಹೆಡ್ಡಿಗೆ ಕೈ ಅಡ್ಡ ಇಟ್ಟ. “ನಾನು ಇಷ್ಟು ಹಾಳು ಮಾಡಿದ್ದೇ ಸಾಲದೆ, ನೀನು ಉಳಿದದ್ದನ್ನೂ ಹಾಳು ಮಾಡುತ್ತೀಯಾ? ಲೋಕದಲ್ಲಿ ಇನ್ನೊಂದು ಹೆಡ್ಡಿಲ್ಲ ಇದಕ್ಕೆ!”

“ಅದಕ್ಕೇ ಹೇಳುತ್ತಿದ್ದೇನೆ. ಕೆಟ್ಟಷ್ಟೇ ಅಗಲ ಕೊರೆದರೆ ಹೊಸ ಥ್ರೆಡ್ ಕೆಟ್ಟದ್ದನ್ನೇ ಹಿಡಿದುಕೊಂಡು ನಿಲ್ಲಬೇಕು. ಗಟ್ಟಿ ಲೋಹ ಸಿಗುವ ತನಕ ಕೊರೆಯಬೇಕು. ನಿಮಗೆ ಧೈರ್ಯವಿಲ್ಲದಿದ್ದರೆ ಗಾಡಿ ತಳ್ಳಿಕೊಂಡು ಹೋಗಿ.”

ವ್ಯಾಪಾರಿ ಹೊಸ್ತಿಲ ತನಕ ಹೋದ. ಏಳು ಊರು ನೆನಪಾದವು. ಹಿಂದಕ್ಕೆ ಬಂದು ಕೈ ಕಟ್ಟಿ ಕುಳಿತ.

ಅಂದು ಅವನು ನೋಡಿದ ಕೆಲಸವನ್ನು ಸಾಯುವ ತನಕ ಮರೆಯಲಿಲ್ಲ. ಮೆಕ್ಯಾನಿಕ್ ಬಿಗಿದು ಹಿಡಿಯುವ ವೈಸಿನ ದವಡೆಗಳ ನಡುವೆ ಚರ್ಮದ ತುಂಡಿಟ್ಟು ಹೆಡ್ಡನ್ನು ಬಿಗಿದ. ರಂಧ್ರವನ್ನು ಅಗಲಿಸಿದ. ಆ ಮೂರು ಸುತ್ತು ಬೆಳ್ಳಗಿನ ಪುಡಿಯಾಗಿ ಉದುರಿತು. ಆಮೇಲೆ ಥ್ರೆಡ್ ಕೊರೆಯುವ ಟ್ಯಾಪನ್ನು ನೆಟ್ಟಗೆ ನಿಲ್ಲಿಸಿದ. ಪಕ್ಕದಲ್ಲಿ ಮೂಲೆಮಟ್ಟ ಇಟ್ಟು ನೋಡಿದ. ಕಾಲು ಬದಲಿಸಿ ಬೇರೆ ಕಡೆಯಿಂದ ನೋಡಿದ. ಒಂದು ಕೂದಲೆಳೆ ಓರೆಯಾದರೂ ಆ ಹೆಡ್ಡು ಗುಜರಿಗೆ ಹೋಗುತ್ತಿತ್ತು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ಬಿಡಿಸಿ, ಒರೆಸಿ, ಎರಡು ಹನಿ ಸೀಮೆಎಣ್ಣೆ ಬಿಟ್ಟು, ಮತ್ತೆ ಅರ್ಧ ಸುತ್ತು. ರಸ್ತೆಯಿಂದ ಯಾರೋ ಹೆಸರು ಹಿಡಿದು ಕೂಗಿದರು. ಅವನು ಓಗೊಡಲಿಲ್ಲ. ಕೈ ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಲ್ಲುತ್ತಿದ್ದ. ಒಂದೇ ಒಂದು ಸಲವೂ ಬಲ ಹಾಕಲಿಲ್ಲ. ಮೈಭಾರ ಹಾಕಿ ಕೆಡಿಸಿದವನು ಕಣ್ಣು ಕೀಳದೆ ನೋಡುತ್ತಿದ್ದ.

ಕೊನೆಗೆ ಒಳಗೂ ಹೊರಗೂ ಥ್ರೆಡ್ ಇರುವ ಒಂದು ಉಕ್ಕಿನ ಗಿಡ್ಡ ಕೊಳವೆಯನ್ನು, ಅಂದರೆ ಬುಷ್ಷನ್ನು, ಆ ರಂಧ್ರಕ್ಕೆ ತಿರುಗಿಸಿ ಕೂರಿಸಿದ. ಉಗುರು ಆಡಿಸಿದರೂ ಅಂಚು ಸಿಕ್ಕಲಿಲ್ಲ. ಹೆಡ್ಡನ್ನು ಇಂಜಿನ್ನಿಗೆ ಬಿಗಿದು, ಹೊಸ ಪ್ಲಗ್ಗನ್ನು ವ್ಯಾಪಾರಿಯ ಕೈಗೇ ಕೊಟ್ಟ.

“ಪಾನೆ ಮುಟ್ಟಬೇಡಿ. ಬೆರಳಲ್ಲಿ ತಿರುಗಿಸಿ. ಮೊದಲು ಹಿಂದಕ್ಕೆ, ಅದು ದಾರಿಗೆ ಇಳಿದದ್ದು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮುಂದಕ್ಕೆ.”

ವ್ಯಾಪಾರಿ ಹಿಂದಕ್ಕೆ ತಿರುಗಿಸಿದ. ಟಕ್ ಎಂದು ಇಳಿದದ್ದು ಬೆರಳಿಗೆ ತಿಳಿಯಿತು. ಮುಂದಕ್ಕೆ ತಿರುಗಿಸಿದ. ಪ್ಲಗ್ಗು ಬೆಣ್ಣೆಯಲ್ಲಿ ಹೋದಂತೆ ಒಳಗೆ ಹೋಯಿತು. ಎರಡನೆಯ ಒದೆತಕ್ಕೆ ಇಂಜಿನ್ನು ಹೊತ್ತಿಕೊಂಡಿತು.

“ಇದು ಎಷ್ಟು ದಿನ ತಡೆಯುತ್ತದೆ?” ಎಂದು ಕೇಳಿದ.

“ಇನ್ನು ಇದು ಎಲ್ಲಿ ಕೆಟ್ಟರೂ ಇಲ್ಲಿ ಕೆಡುವುದಿಲ್ಲ. ಮೊದಲು ಇಲ್ಲಿ ಅಲ್ಯೂಮಿನಿಯಂ ಇತ್ತು, ಈಗ ಉಕ್ಕಿದೆ” ಎಂದ ಮೆಕ್ಯಾನಿಕ್. ಬೆಂಚಿನ ಮೇಲಿನ ಬಿಳಿಯ ಪುಡಿಯನ್ನು ಗುಡಿಸಿ, ಮೊಳದುದ್ದದ ಪೈಪನ್ನು ಕೇಳಿ ಇಸಿದುಕೊಂಡ.

ಹಿರಿಯಮ್ಮನವರು ಕತೆ ನಿಲ್ಲಿಸಿದರು. ಹೈಮವತಿ ಮಡಿಸಿದ್ದ ಗವುಸಿನ ಅಂಚು ಕೂಡಿರಲಿಲ್ಲ. ಅದನ್ನು ತೆಗೆದುಕೊಂಡು ಪೂರ್ತಿ ಬಿಡಿಸಿ, ಕೊಡವಿ, ಮೊದಲಿನಿಂದ ಮಡಿಸಿದರು.

“ಆ ಮೆಕ್ಯಾನಿಕನ ಕೈಚಳಕ ದೊಡ್ಡದು ಅಮ್ಮ” ಎಂದಳು ಹೈಮವತಿ. “ಆದರೆ ನಾನು ಅಂಟು ಹಚ್ಚಲಿಲ್ಲ. ನನ್ನ ಮಾತು ಸುಳ್ಳಾಗಿರಲಿಲ್ಲ. ನಿಜವಾಗಿಯೂ ಕ್ಷಮೆ ಕೇಳಿದೆ.”

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅರವತ್ತು ಹುಡುಗಿಯರ ಚಪ್ಪಲಿಯ ಸದ್ದು ಊಟದ ಮನೆಯತ್ತ ಹೊರಟಿತು. ಒಳಗೆ ದೊಡ್ಡತಾಯಿ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

ಹಿರಿಯಮ್ಮನವರು ಕೇಳಿದರು: “ಬೈದದ್ದು ಅರವತ್ತು ಜನರ ಎದುರು, ಕ್ಷಮೆ ಕೇಳಿದ್ದು ಎಲ್ಲಿ?”

ಹೈಮವತಿ ಎದ್ದು ಊಟದ ಮನೆಯತ್ತ ನಡೆದಳು.