ತಂತಿಯಿಲ್ಲದೆ ಹೋದ ಪದ

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿಯ ಗುರು ಕಾಡಯ್ಯಜ್ಜ. ತತ್ವಪದ ಹಾಡೋದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ವಯಸ್ಸು ಎಂಬತ್ತು ದಾಟಿತ್ತು, ಮೇಲೆ ಉಬ್ಬಸ ಬೇರೆ.

ಶಿಷ್ಯೆ ಹೊಳೆವ್ವ ಹನ್ನೆರಡು ವರ್ಷದಿಂದ ಅಲ್ಲೇ ಇದ್ದಳು. ಅಜ್ಜನ ಪದಗಳನ್ನೆಲ್ಲ ಮೊಬೈಲಿಗೆ ತುಂಬಿಕೊಂಡು, ಕೇಳಿ ಕೇಳಿ ಕಲಿತವಳು.

ಬರುವ ಹುಣ್ಣಿಮೆಯ ಭಜನೆಗೆ ಅಜ್ಜನ ಬದಲು ಬೇರೆ ಯಾರಾದರೂ ಹಾಡಲೇಬೇಕಿತ್ತು. ಆ ಯಾರಾದರೂ ತಾನೇ ಆಗಲಿ ಅಂತ ಹೊಳೆವ್ವನಿಗೆ ಎಲ್ಲಿಲ್ಲದ ಆಸೆ. ಅಜ್ಜ ಮಾತ್ರ ಆ ವಿಷಯಕ್ಕೆ ಬಾಯಿ ಬಿಟ್ಟಿರಲಿಲ್ಲ.

ಒಂದು ಬೆಳಗ್ಗೆ ಅಜ್ಜ ತಾವಾಗಿಯೇ ಅವಳನ್ನು ಬೇವಿನ ಕಟ್ಟೆಗೆ ಕರೆದರು. ಯಾರಿಗೂ ಹೇಳಿಕೊಡದ ಒಂದು ಪದ ಹಾಡಿದರು. ‘ಬಾಗಿಲಿಲ್ಲದ ಮನೆಗೆ ಬೀಗ ಯಾಕವ್ವಾ’ ಅಂತ ಅದರ ಶುರು. ಹೊಳೆವ್ವ ಉಸಿರು ಬಿಗಿಹಿಡಿದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದಳು.

"ಇನ್ನೊಮ್ಮೆ ಹಾಡಾಕ ನನ್ನ ಕೈಲೆ ಆಗಂಗಿಲ್ಲವ್ವಾ," ಅಂದರು ಅಜ್ಜ, ಎದೆ ನೀವಿಕೊಳ್ಳುತ್ತ.

"ಬ್ಯಾಡ್ರಿ ಅಜ್ಜಾರ. ಈಗಿಂದೀಗ ಕಂಪ್ಯೂಟರಿಗೆ ಕಳಿಸಿಬಿಡತೇನಿ. ಅಲ್ಲಿ ಭದ್ರ ಇರತೈತಿ."

ಅಜ್ಜ ಕಟ್ಟೆ ನೋಡಿದರು. ಅಂಗಳದಾಚೆ ಕಂಪ್ಯೂಟರ್ ಇಟ್ಟಿದ್ದ ಕೋಣೆ ನೋಡಿದರು.

"ನಡುವ ತಂತಿ ಎಲ್ಲೈತಿ?"

"ತಂತಿ ಬೇಕಾಗಿಲ್ರಿ. ಎರಡೂ ಒಂದೇ ವೈಫೈದಾಗ ಇದ್ರ ಸಾಕು."

"ಹಂಗಂದ್ರ?"

"ಒಂದೇ ಮನಿ ಮಂದಿ ಇದ್ದಂಗ್ರಿ. ಹತ್ರ ಯಾರ‍್ಯಾರು ಅದಾರ ಅಂತ ಇದು ಹುಡುಕತೈತಿ. ಹೆಸರು ತೋರಸತೈತಿ. ಹೆಸರು ಮುಟ್ಟಿದ್ರ ಅವರಿಗೆ ಹೋಗತೈತಿ."

"ಅವರು ಒಲ್ಲೆ ಅಂದ್ರ?"

"ಹೋಗಂಗಿಲ್ರಿ. ‘ತಗೋತೇನಿ’ ಅಂತ ಅವರೂ ಒತ್ತಬೇಕು."

"ಭಲೇ!" ಅಜ್ಜನ ಕಣ್ಣು ಮಿನುಗಿದವು. "ನನಗಿಂತ ಶಾಣೇ ಐತಲ್ಲ ಇದು. ನಾನು ಬೇಕೋ ಬ್ಯಾಡೋ ಅಂತ ಕೇಳದೇ ಉಪದೇಶ ಕೊಟ್ಕೋತ ಬಂದೆ. ನಿನ್ನ ಕಂಪ್ಯೂಟರಿಗೆ ಯಾರು ಒತ್ತತಾರ?"

"ಏನ್ ಬಂದ್ರೂ ತಗೋ ಅಂತ ಅದಕ್ಕ ಮೊದಲ ಹೇಳಿಟ್ಟೇನ್ರಿ."

"ಮುಟ್ಟು, ನೋಡೋಣು."

ಹೊಳೆವ್ವ ಹೆಸರು ಮುಟ್ಟಿದಳು. ಪರದೆಯ ಮೇಲೊಂದು ಗೆರೆ ತುಂಬುತ್ತ ಹೋಗಿ ‘ಕಳುಹಿಸಲಾಗಿದೆ’ ಅಂತ ಬಂತು.

"ಹೋತು?"

"ಹೋತ್ರಿ!"

"ನಿನ್ನ ಕಡೆ ಖಾಲಿ ಆತೇನು?"

"ಇಲ್ರಿ, ಇಲ್ಲೂ ಐತಿ. ಆದ್ರ ಇದರಾಗ ಜಾಗಿಲ್ಲ. ಸಂಜಿ ಭಜನಿ ರೆಕಾರ್ಡ್ ಮಾಡಬೇಕು. ಅಳಿಸಿಬಿಡತೇನಿ."

ಅಳಿಸಿದಳು. ಬುದ್ಧಿವಂತೆ ನೋಡಿ, ಅಳಿಸಿದ ಮೇಲೆ ಹೋಗಿ ಕಂಪ್ಯೂಟರ್ ನೋಡಿದಳು.

ಅದರಲ್ಲಿ ಪದ ಇರಲಿಲ್ಲ.

ಎಲ್ಲ ಕಡೆ ತಡಕಾಡಿದಳು. ನಿನ್ನೆಯ ಪದ ಇತ್ತು, ಮೊನ್ನೆಯದಿತ್ತು, ಇವತ್ತಿನದೊಂದೇ ಇಲ್ಲ. ಹೊಳೆವ್ವ ಓಡಿ ಬಂದು ಕಟ್ಟೆಯ ಬುಡದಲ್ಲಿ ಕುಸಿದಳು.

"ಅಜ್ಜಾರ, ಪದ ಕಳದುಬಿಟ್ಟೇನ್ರಿ! ನನ್ನ ಕೈ ಕಡದು ಹಾಕ್ರಿ."

"ಕೈ ಇರಲಿ. ಹೋತು ಅಂದಿ. ಹೋದದ್ದು ಎಲ್ಲ್ಯಾರೆ ಮುಟ್ಟಿರಬೇಕಲ್ಲ? ಯಾರ ಹೆಸರು ಒತ್ತಿದಿ?"

"ನಿಮ್ಮ ಹೆಸರ್ರಿ."

"ನನ್ನ ಹತ್ರ ಎಲ್ಲಿ ಮೊಬೈಲೈತಿ?"

"ಕಂಪ್ಯೂಟರಿಗೆ ನಿಮ್ಮ ಹೆಸರಿಟ್ಟೇನ್ರಿ, ಭಕ್ತಿಲೆ. ಪಟ್ಟಿಯೊಳಗ ಎಲ್ಲಾಕ್ಕಿಂತ ಮ್ಯಾಲ ಕಾಣ್ತು, ಒತ್ತಿದೆ."

ಅಜ್ಜ ಏನೋ ಹೇಳುವವರಿದ್ದರು. ಅಷ್ಟರಲ್ಲಿ ದಾಸೋಹದ ಮನೆಯಿಂದ, ರೊಟ್ಟಿ ಬಡಿಯುವ ಸಪ್ಪಳದ ನಡುವೆ, ಅಜ್ಜನ ದನಿಯೇ ಕೇಳಿಸಿತು. ‘ಬಾಗಿಲಿಲ್ಲದ ಮನೆಗೆ…’

ಹೊಳೆವ್ವ ಎದ್ದವಳೇ ಒಳಗೆ ಓಡಿದಳು. ಅಡುಗೆ ಮಾಡುವ ಮುದಕಪ್ಪ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಪದ ಕೇಳುತ್ತ ರೊಟ್ಟಿ ಬಡಿಯುತ್ತಿದ್ದ.

"ನಿನಗ ಹೆಂಗ ಬಂತೋ ಇದು?"

"ತಾನಾಗೇ ಬಂತವ್ವಾ. ‘ಕಾಡಯ್ಯಜ್ಜ ಕಳಿಸ್ಯಾರ, ತಗೋತಿ ಏನು?’ ಅಂತ ಕೇಳ್ತು. ಗುರುಗಳು ಕೊಟ್ರ ಒಲ್ಲೆ ಅನ್ನಾಕ ಆಗತೈತೇನು? ಹಿಟ್ಟಿನ ಕೈಲೇ ಒತ್ತಿದೆ."

"ಕಳಿಸಿದ್ದು ನಾನು! ನನ್ನ ಮೊಬೈಲಿಗೂ ಅಜ್ಜಾರ ಹೆಸರೈತಿ."

"ನಂದಕ್ಕೂ ಅದೇ ಹೆಸರವ್ವಾ. ಮಠದಾಗ ಎಲ್ಲಾರದೂ ಅದೇ ಅಲ್ಲೇನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ಜೀವ ಬಂದಂತಾಗಿ ಹೊಳೆವ್ವನಿಗೆ ಅಳುವಿನ ಜೊತೆಗೇ ನಗು ಬಂತು. ಮುದಕಪ್ಪ ಕೈ ತೊಳೆದುಕೊಂಡು ಅವಳ ಜೊತೆ ಕಟ್ಟೆಗೆ ಬಂದು, ಈ ಸಲ ಅವಳ ಪಕ್ಕದಲ್ಲೇ ಕೂತು, ಅವಳಿಗೂ ಕಳಿಸಿದ, ಕಂಪ್ಯೂಟರಿಗೂ ಕಳಿಸಿದ. ಮುಟ್ಟಿತೋ ಇಲ್ಲವೋ ಅಂತ ಅವಳು ಎರಡೆರಡು ಸಲ ನೋಡಿದಳು.

"ಪದ ಸಿಕ್ತಲ್ಲ," ಅಂದರು ಅಜ್ಜ. "ಹಾಡು, ಕೇಳೋಣು."

ಹೊಳೆವ್ವ ಸೆರಗು ಸರಿಮಾಡಿಕೊಂಡು ಕೂತಳು. ಇದನ್ನು ಚೆನ್ನಾಗಿ ಹಾಡಿದರೆ ಹುಣ್ಣಿಮೆ ತನ್ನದೇ ಅಂದುಕೊಂಡಳು. ಕಣ್ಣು ಮುಚ್ಚಿ ಎತ್ತಿದಳು.

"ಬಾಗಿ…"

ಅಲ್ಲಿ ನಿಂತಳು. ಒಂದು ಉಸಿರೆಳೆದುಕೊಂಡಳು.

"…ಲಿಲ್ಲದ ಮನೆಗೆ ಬೀಗ ಯಾಕವ್ವಾ."

ಮುದಕಪ್ಪ ತಲೆದೂಗಿದ. ಅಜ್ಜ ಕೈ ಎತ್ತಿ ತಡೆದರು.

"ಅಲ್ಲಿ ಯಾಕ ನಿಂತಿ?"

"ನೀವು ಅಲ್ಲೇ ನಿಂತಿದ್ರಲ್ರಿ."

"ಅದರಾಗ ಏನು ತಿಳೀತು ನಿನಗ?"

ಹೊಳೆವ್ವನ ಮುಖ ಅರಳಿತು. ಈ ಪ್ರಶ್ನೆಗೇ ಅವಳು ಕಾದಿದ್ದಳು. "ಮೊದಲ ‘ಬಾಗಿ’ ಅಂತೀರಿ, ಆಮ್ಯಾಲ ‘ಇಲ್ಲದ ಮನಿ’. ಬಾಗಿದವರಿಗೆ ಬಾಗಿಲೇ ಇಲ್ಲ, ಎಲ್ಲಾ ಬಯಲು ಅಂತ. ಭಾಳ ದೊಡ್ಡ ಗೂಢಾರ್ಥ ಐತ್ರಿ ಅಲ್ಲಿ."

"ಹೌದ್ ಹೌದು," ಅಂತ ಮುದಕಪ್ಪ ಎರಡೂ ಕೈ ಜೋಡಿಸಿದ.

ಅಜ್ಜನಿಗೆ ನಗು ತಡೆಯಲಿಲ್ಲ. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದು ಸುಧಾರಿಸಿಕೊಳ್ಳೋದಕ್ಕೆ ಸುಮಾರು ಹೊತ್ತೇ ಹಿಡಿಯಿತು.

"ಗೂಢಾರ್ಥ ಅಲ್ಲವ್ವಾ. ಅಲ್ಲಿ ನನಗ ದಮ್ಮು ಸಾಲಲಿಲ್ಲ."

ಹೊಳೆವ್ವನ ಕಿವಿ ಬಿಸಿಯಾಯಿತು. ಬೇವಿನ ಎಲೆಯೊಂದನ್ನು ಎತ್ತಿಕೊಂಡು ಹರಿಯುತ್ತ ಕೂತಳು. ತನ್ನ ಎದೆಯಲ್ಲಿ ಬೇಕಾದಷ್ಟು ಉಸಿರಿತ್ತು. ಆ ಸಾಲನ್ನು ಒಂದೇ ದಮ್ಮಿನಲ್ಲಿ ಮೂರು ಸಲ ಹಾಡಬಹುದಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ.

ಕೊನೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಅಜ್ಜಾರ, ಹುಣ್ಣಿಮಿಗೆ ಯಾರು ಹಾಡಬೇಕ್ರಿ? ಹನ್ನೆರಡು ವರ್ಷ ಆತು. ನನಗ ಕೊಡತೀರೋ ಇಲ್ಲೋ?"

ಅಜ್ಜ ಕೈ ಚಾಚಿದರು. "ಮೊಬೈಲ್ ಇಲ್ಲೆ ಕೊಡು. ಕೊಡಬೇಕಂದ್ರ ಮೊದಲ ಯಾವುದನ್ನ ಒತ್ತಬೇಕು?"

ಹೊಳೆವ್ವ ತೋರಿಸಿದಳು. ಅಜ್ಜ ಕನ್ನಡಕ ಏರಿಸಿಕೊಂಡು, ಸುಕ್ಕುಗಟ್ಟಿದ ಬೆರಳಿನಿಂದ ಒತ್ತಿದರು. ಮೊಬೈಲು ಹುಡುಕಿತು. ಪಟ್ಟಿ ಬಂತು.

"ಕಾಡಯ್ಯಜ್ಜ," ಅಂತ ಓದಿದರು.

ಬೆರಳು ಕೆಳಗಿಳಿಸಿದರು. "ಕಾಡಯ್ಯಜ್ಜ."

ಇನ್ನೂ ಕೆಳಗಿಳಿಸಿದರು. "ಕಾಡಯ್ಯಜ್ಜ."

ಮೊಬೈಲನ್ನು ಅವಳ ಕೈಗೆ ವಾಪಸ್ ಇಟ್ಟರು.

"ಹನ್ನೆರಡು ವರ್ಷದಿಂದ, ಕೊಡಬೇಕಂತ ನಾನೂ ಹುಡುಕಾಕತ್ತೇನಿ ಹೊಳೆವ್ವಾ. ನೋಡಿದಾಗೆಲ್ಲಾ, ಇಲ್ಲಿ ನನ್ನ ಬಿಟ್ಟು ಯಾರೂ ಇಲ್ಲ."